ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ ನೋಡಲು ಹೋದದ್ದು

ಅಫಜಲಪುರದ ಬಸ್ ನಿಲ್ದಾಣದಲ್ಲಿ ಆ ಬೆಳಿಗ್ಗೆ ಜನರಿಗಿಂತ ಬುಟ್ಟಿಗಳೇ ಹೆಚ್ಚಿದ್ದವು. ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ, ಹಗ್ಗದಿಂದ ಬಿಗಿದ ಪಾತೇಲಿ, ಅಂಬಲಿ ತುಂಬಿದ ಕೊಡ. ಅವತ್ತು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಉಣ್ಣುತ್ತದೆ. ಎಲ್ಲರೂ ಹೊಲದ ದಾರಿ ಹಿಡಿದಿರುವಾಗ ನಾನು ಮತ್ತು ನನ್ನ ಹೆಂಡತಿ ಮಹಾದೇವಿ ಒಂದು ನೀರಿನ ಬಾಟಲಿ, ಒಂದು ಶಾಲು ಹಿಡಿದುಕೊಂಡು ಕಲಬುರಗಿ ನೋಡಲು ಹೊರಟಿದ್ದೆವು.

ಕಲಬುರಗಿಯನ್ನು ನಾವು ನೋಡಿಲ್ಲವೆಂದಲ್ಲ. ದವಾಖಾನೆಗೆ, ಮದುವೆ ಜವಳಿಗೆ, ಕಚೇರಿ ಕೆಲಸಕ್ಕೆ ಎಷ್ಟೋ ಸಲ ಹೋಗಿದ್ದೇವೆ. ಆದರೆ ಊರನ್ನು ನೋಡಬೇಕೆಂದೇ ಹೋದದ್ದಿಲ್ಲ. ನಾನು ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯ ಗುಮಾಸ್ತ. ನಮ್ಮ ಅಂಗಡಿಗೆ ನಿಜವಾದ ರಜೆ ಎಂದರೆ ಅಮಾವಾಸ್ಯೆ. ಊಟವಾದ ಮೇಲೆ ಮೊಬೈಲಿನಲ್ಲಿ ಯಾರ್ಯಾರೋ ಬರೆದ ಹೈದರಾಬಾದಿನ ಎರಡು ದಿನ, ಮೈಸೂರಿನ ಒಂದು ದಿನ ಎಂಬಂಥ ಪ್ರವಾಸದ ಬರಹ ಓದಿ ಹೊಟ್ಟೆಕಿಚ್ಚು ಪಡುವುದು ನನ್ನ ಚಟ. ಎಷ್ಟು ಗಂಟೆಗೆ ಎಲ್ಲಿ, ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಎಂದು ಹೊಂದಿಸುವುದರಲ್ಲಿ ನನಗೆ ಪ್ರವಾಸಕ್ಕಿಂತ ಹೆಚ್ಚಿನ ಸುಖವಿದೆ ಎಂದು ಮಹಾದೇವಿ ಆಡಿಕೊಳ್ಳುತ್ತಾಳೆ. ಸುಳ್ಳೇನಲ್ಲ.

ಈ ಅಮಾವಾಸ್ಯೆಯನ್ನೇ ಆರಿಸಿದ್ದಕ್ಕೆ ಕಾರಣ ಬೇರೆ. ಪ್ರತಿವರ್ಷ ಎಳ್ಳ ಅಮಾವಾಸ್ಯೆಗೆ ನಾವು ಅವಳ ತವರು ಗೊಬ್ಬೂರಿಗೆ, ಅವಳ ಅಣ್ಣನ ಹೊಲಕ್ಕೆ ಹೋಗುತ್ತಿದ್ದೆವು. ನಸುಕಿನಲ್ಲೇ ಬನ್ನಿರೆಂದು ಅಣ್ಣ ಹಿಂದಿನ ದಿನ ಫೋನ್ ಮಾಡುತ್ತಿದ್ದ. ಈ ಸಲ ಫೋನ್ ಬರಲಿಲ್ಲ.

ತಪ್ಪು ನನ್ನ ಹೆಂಡತಿಯದೇ. ಹೋದ ವರ್ಷದ್ದು ನಮ್ಮತ್ತೆ, ಅಂದರೆ ಅವಳ ತಾಯಿ, ತೀರಿಕೊಂಡ ಮೇಲಿನ ಮೊದಲ ಎಳ್ಳ ಅಮಾವಾಸ್ಯೆ. ವೈನಿ, ಅಂದರೆ ಅವಳ ಅಣ್ಣನ ಹೆಂಡತಿ, ಒಬ್ಬಳೇ ಕೂತು ಸೊಪ್ಪು ಸೋಸಿ, ಕಾಳು ಬಿಡಿಸಿ, ಎರಡನ್ನೂ ಕೂಡಿಸಿ ಬೇಯಿಸಿ, ಹೊಲಕ್ಕೆ ಬಂದವರಿಗೆಲ್ಲ ಸಾಲುವಷ್ಟು ಭಜ್ಜಿ ಮಾಡಿದ್ದಳು. ಮಹಾದೇವಿ ಒಂದು ತುತ್ತು ಬಾಯಿಗಿಟ್ಟು, ಮಂದಿಯೆಲ್ಲ ಕೂತಿರುವಾಗಲೇ, "ಇದು ಭಜ್ಜಿ ಅಲ್ಲ ಬಿಡ್ರಿ. ಭಜ್ಜಿ ಅಂದ್ರ ಅವ್ವನ ಕೈಯಾಗ ಆಗ್ತಿತ್ತು" ಎಂದುಬಿಟ್ಟಳು. ಅವಳು ತಾಯಿಯನ್ನು ನೆನೆದು ಅತ್ತ ಮಾತು ಅದು. ಕೇಳಿದವರಿಗೆ ಮಾತ್ರ ಹಾಗೆ ಕೇಳಿಸಲಿಲ್ಲ. ವೈನಿ ಸೌಟು ಕೆಳಗಿಟ್ಟು ಎದ್ದುಹೋದಳು. ಆಮೇಲೆ ಪಂಚಮಿಗೂ ಕರೆಯಲಿಲ್ಲ, ದೀಪಾವಳಿಗೂ ಕರೆಯಲಿಲ್ಲ. ಕರೆಯದ ತವರಿಗೆ ಹೆಣ್ಣುಮಗಳು ಯಾವ ಮುಖ ಹೊತ್ತು ಹೋಗಬೇಕು? ಮನೆಯಲ್ಲಿ ಕೂತರೆ ಓಣಿಯವರು ಯಾಕೆ ಹೋಗಲಿಲ್ಲವೆಂದು ಕೇಳುತ್ತಾರೆ, ಎಲ್ಲಿಗಾದರೂ ಕರೆದುಕೊಂಡು ಹೋಗಿರೆಂದು ಅವಳೇ ಹೇಳಿದ್ದಳು.

ನಾನು ಉತ್ಸಾಹದಿಂದ ದಿನವನ್ನು ಹೊಂದಿಸಲು ಕೂತೆ. ಮೊದಲು ಕೋಟೆ, ಕೋಟೆಯೊಳಗಿನ ಫಿರಂಗಿ ತೋಪು ಮತ್ತು ಮಸೀದಿ, ಆಮೇಲೆ ಸುಲ್ತಾನರ ಗೋರಿಗಳಿರುವ ಏಳು ಗುಂಬಜ್, ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ, ಊಟವಾದ ಮೇಲೆ ಬುದ್ಧ ವಿಹಾರ, ಸಂಜೆ ಅಪ್ಪನ ಕೆರೆಯ ದಂಡೆ, ಕತ್ತಲಾಗುವಾಗ ಬಸ್ಸು. ಅವಳ ಮೊಣಕಾಲು ನೋವಿಗೆಂದು ಅಲ್ಲಲ್ಲಿ ಕೂರುವ ಜಾಗವನ್ನೂ ಗೊತ್ತುಮಾಡಿಕೊಂಡಿದ್ದೆ. ಒಂದನ್ನು ಮಾತ್ರ ತಪ್ಪಿಸಲಾಗಲಿಲ್ಲ. ಕಲಬುರಗಿಯ ಬಸ್ಸು ಗೊಬ್ಬೂರಿನ ಮೇಲೆಯೇ ಹೋಗುತ್ತದೆ, ಅಣ್ಣನ ಹೊಲ ರಸ್ತೆಗೆ ಹತ್ತಿಕೊಂಡೇ ಇದೆ.

ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ್ದರಿಂದ ದುಡ್ಡು ಕೊಟ್ಟವನು ನಾನೊಬ್ಬನೇ. ಚೌಡಾಪುರ ದಾಟಿದ ಮೇಲೆ ಮಹಾದೇವಿ, ಬಿಸಿಲು ಬೀಳುತ್ತದೆಂದು ಹೇಳಿ ಆ ಕಡೆಯ ಸೀಟಿಗೆ ಹೋಗಿ ಕೂತಳು. ಮಾಗಿಯ ಚಳಿಯಲ್ಲಿ ಯಾರಿಗೆ ಬಿಸಿಲು ಬೇಡ? ಅಣ್ಣನ ಹೊಲ ನನ್ನ ಕಿಟಕಿಯ ಕಡೆ ಬರುತ್ತದೆ. ಗೊಬ್ಬೂರಿನಲ್ಲಿ ಆ ಹೊಲದ ಬೇವಿನ ಮರ ಕಂಡಿತು, ಅದರ ಕೆಳಗೆ ಬಂಡಿ ಕಂಡಿತು. ಆಕೆ ಮುಖ ತಿರುಗಿಸದೆ ಕೇಳಿದಳು.

"ಜ್ವಾಳ ಹ್ಯಾಂಗ ನಿಂತದ್ರಿ?"

"ಎದಿಮಟ ಬಂದದ" ಎಂದೆ. ಹೂಂ ಎಂದು ಶಾಲು ಹೊದ್ದುಕೊಂಡಳು.

ಕಲಬುರಗಿಯಲ್ಲಿ ಆಟೋ ಸಿಕ್ಕುವುದೇ ಕಷ್ಟವಾಯಿತು. ಕೊನೆಗೆ ಸಿಕ್ಕವನು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಎಂಬ ಊರಿನ ರಫೀಕ್. ಮಧ್ಯಾಹ್ನದವರೆಗೆ ಮಾತ್ರ ಓಡಿಸುತ್ತೇನೆ, ಆಮೇಲೆ ಊರಿಗೆ ಹೋಗಬೇಕು, ಪಕ್ಕದ ಮನೆಯವರು ಹೊಲಕ್ಕೆ ಕರೆದಿದ್ದಾರೆ ಎಂದು ಮೊದಲೇ ಕರಾರು ಮಾಡಿಕೊಂಡ.

ಕೋಟೆಯಲ್ಲಿ ನಾವು ಮೂರು ಮಂದಿ ಬಿಟ್ಟರೆ ಆಡುಗಳಿದ್ದವು. ಬುರುಜಿನ ಮೇಲಿನ ತೋಪು ನೋಡಿ ಮಹಾದೇವಿ ಬೆರಗಾದಳು. ಇದನ್ನು ಮೇಲೆ ಹೇಗೆ ಏರಿಸಿದರು, ಎಷ್ಟು ಎತ್ತು ಹೂಡಿದ್ದಾರು ಎಂದು ಕೇಳುತ್ತಲೇ ಇದ್ದಳು. ಮಸೀದಿಯಲ್ಲಿ ಅವಳ ಪ್ರಶ್ನೆಗಳು ಇನ್ನೂ ಹೆಚ್ಚಾದವು. ಬೇರೆ ಕಡೆ ಮಸೀದಿಗೆ ಬಯಲು ಅಂಗಳವಿರುತ್ತದೆ, ಇಲ್ಲಿ ಎಲ್ಲಕ್ಕೂ ಚಾವಣಿ. ಯಾಕೆ ಹೀಗೆ? ನನಗೆ ಗೊತ್ತಿರಲಿಲ್ಲ. ಇಲ್ಲಿನ ಬೇಸಿಗೆ ಒಮ್ಮೆ ಕಂಡವನು ಅಂಗಳವನ್ನು ಬಯಲಾಗಿ ಬಿಡುವುದಿಲ್ಲ ಎಂದ ರಫೀಕ್. ಸರಿಯೋ ತಪ್ಪೋ, ನಮಗೆ ಒಪ್ಪಿಗೆಯಾಯಿತು. ಕಮಾನುಗಳ ಕೆಳಗೆ ತಣ್ಣಗೆ ನಿಂತು, ಈ ವಯಸ್ಸಿನವರೆಗೂ ಇದನ್ನು ನೋಡದೆ ಜವಳಿ ಅಂಗಡಿಯಲ್ಲೇ ಕಾಲ ಕಳೆದೆವಲ್ಲ ಎಂದು ನನಗೆ ನಾಚಿಕೆಯಾಯಿತು. ಆಮೇಲೆ ಏಳು ಗುಂಬಜಿಗೆ ಹೋದಾಗ ಒಂದರೊಳಗೆ ಅವಳು ಚಪ್ಪಾಳೆ ತಟ್ಟಿ, ತಿರುಗಿ ಬಂದ ಸದ್ದಿಗೆ ನಕ್ಕಳು. ನನ್ನ ಏರ್ಪಾಡು ಗೆದ್ದಿತು ಎಂದುಕೊಂಡೆ.

ಖಾನಾವಳಿಗೆ ಬೀಗ ಬಿದ್ದಿತ್ತು. ಎರಡನೆಯದಕ್ಕೂ ಬೀಗ. ಎಲ್ಲವನ್ನೂ ಲೆಕ್ಕ ಹಾಕಿದ ನನಗೆ, ರೊಟ್ಟಿ ಬಡಿಯುವವರಿಗೂ ಹೊಲವಿರುತ್ತದೆ ಎಂಬುದೇ ಹೊಳೆದಿರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಊರೊಳಗೆ ಊಟ ಹುಡುಕಿದ ಮೊದಲಿಗರು ನೀವೇ ಎಂದು ರಫೀಕ್ ನಕ್ಕು, ನಮ್ಮನ್ನು ಬುದ್ಧ ವಿಹಾರದ ಹತ್ತಿರ ಇಳಿಸಿ ತನ್ನ ಊರಿನ ದಾರಿ ಹಿಡಿದ.

ವಿಹಾರದ ಬಿಳಿ ಗುಮ್ಮಟ, ಒಳಗಿನ ಮೌನ ಎರಡೂ ಮನಸ್ಸಿಗೆ ಹಿತವೆನಿಸಿದವು. ಹೊಟ್ಟೆ ಮಾತ್ರ ಕೇಳಲಿಲ್ಲ. ಹೊರಗೆ ಬಂದು ನಡೆಯುತ್ತಿರುವಾಗ ಖಾಲಿ ಜಾಗವೊಂದರ ಮರದಡಿ ಒಂದು ಸಂಸಾರ ಬಟ್ಟೆ ಹಾಸಿ ಕೂತಿತ್ತು. ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು. ಆ ಮನೆಯ ಹೆಣ್ಣುಮಗಳು ಎದ್ದು ಬಂದು ಕರೆದಳು. ಅವರು ಜೇವರ್ಗಿ ಕಡೆಯ ಇಜೇರಿಯವರಂತೆ, ಈಗ ಇಲ್ಲೇ ಬಾಡಿಗೆ ಮನೆ. ಮಹಾದೇವಿ ಹಿಂದೆಮುಂದೆ ನೋಡಿದರೂ ಆಕೆ ಬಿಡಲಿಲ್ಲ.

"ಹೊಲ ಇಲ್ಲಂದ್ರ ಏನಾತ್ರಿ, ಅಮಾಸಿ ಬಿಡಾಕ ಬರ್ತದೇನು? ದಾರಿ ಹಿಡಿದು ಹೋಗವ್ರನ್ನ ಉಪಾಸ ಕಳಿಸಿದ್ರ ನಮಗ ಛಲೋ ಆಗಂಗಿಲ್ಲ. ಬರ್ರಿ."

ಕೂತೆವು. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಮೇಲೆ ಭಜ್ಜಿ. ಬಡಿಸಿದ ಹೆಣ್ಣುಮಗಳು ಸೌಟು ಹಿಡಿದು ಅಲ್ಲೇ ನಿಂತು ಮಹಾದೇವಿಯ ಮುಖವನ್ನೇ ನೋಡುತ್ತಿದ್ದಳು.

"ಉಪ್ಪು ಬರೋಬರಿ ಅದ ಏನ್ರಿ? ಯಾವಾಗಲೂ ನಮ್ಮತ್ತಿ ಮಾಡ್ತಿದ್ರು. ಅವ್ರು ಹೋದ ಮ್ಯಾಲ ಇದ ಮೊದಲ ಸಲ ನಾ ಮಾಡೇನಿ."

ಮಹಾದೇವಿಯ ಕೈ ತಟ್ಟೆಯಲ್ಲೇ ನಿಂತಿತು. ಛಲೋ ಆಗ್ಯದ್ರಿ ಎಂದವಳ ಕಣ್ಣು ತುಂಬಿತ್ತು. ಖಾರ ಹೆಚ್ಚಾಯಿತೇನೋ ಎಂದು ಆ ಹೆಣ್ಣುಮಗಳು ಗಾಬರಿಯಿಂದ ಮೊಸರು ಸುರಿದಳು.

ಅಲ್ಲಿಂದ ಎದ್ದ ಮೇಲೆ ಅಪ್ಪನ ಕೆರೆಗೆ ಹೇಗೆ ಹೋಗುವುದೆಂದು ನಾನು ಹೇಳತೊಡಗಿದೆ. ಕೆರೆ ಎಲ್ಲಿಗೂ ಹೋಗುವುದಿಲ್ಲ, ಬಸ್ ನಿಲ್ದಾಣಕ್ಕೆ ನಡೆಯಿರಿ ಎಂದಳು. ಬಸ್ಸಿನಲ್ಲಿ ಅವಳು ಕಂಡಕ್ಟರನಿಗೆ ಗೊಬ್ಬೂರಿನ ಹೆಸರು ಹೇಳಿದಳು. ಕರೆಯದೆ ಹೇಗೆ ಹೋಗುವುದು ಎಂದೆ.

"ನಾವು ಹೊಲಕ್ಕ ಹೋಗಾಕತ್ತಿಲ್ಲ. ದಾರಿ ಮ್ಯಾಲ ಹೋಗಾಕತ್ತೇವಿ. ಇವತ್ತ ದಾರಿ ಹಿಡಿದವ್ರನ್ನ ಕರೀಬೇಕು. ಕರದ್ರ ಕರೀಲಿ."

"ಕರೀಲಿಲ್ಲಂದ್ರ?"

"ಮುಂದಿನ ಬಸ್ಸಿಗಿ ಮನಿಗಿ ಹೋಗೂದು."

ಗೊಬ್ಬೂರಿನಲ್ಲಿ ಇಳಿದು ರಸ್ತೆಯ ಅಂಚಿನಲ್ಲಿ ನಡೆದೆವು. ಹೊತ್ತು ಇಳಿಯುತ್ತಿತ್ತು. ಹೊಲಗಳಿಂದ ಬಂಡಿಗಳು ಊರ ಕಡೆ ಹೊರಟಿದ್ದವು. ಬೇವಿನ ಮರದ ಕೆಳಗೆ ಉಳಿದಿದ್ದವರು ಅಣ್ಣ, ವೈನಿ ಇಬ್ಬರೇ. ಅಣ್ಣ ನಮ್ಮನ್ನು ನೋಡಿದ. ನೋಡಿದವನು ಹೆಂಡತಿಯ ಕಡೆ ನೋಡಿ, ಎತ್ತಿನ ಕೊರಳು ಸವರುತ್ತ ನಿಂತ. ವೈನಿ ಪಾತೇಲಿ ಕಟ್ಟುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು. ಮಹಾದೇವಿ ತನ್ನ ಮೊಣಕಾಲು ನೋವಿಗೆ ಬೇಕಾದದ್ದಕ್ಕಿಂತಲೂ ನಿಧಾನವಾಗಿ ನಡೆದಳು. ಮರವನ್ನು ದಾಟಿದೆವು. ಹೊಲದ ಕೊನೆಯ ಬದುವೂ ಹತ್ತಿರ ಬಂತು.

"ದಾರಿ ಹಿಡಿದು ಹೋಗವ್ರು ಉಂಡು ಹೋಗ್ರಿ."

ಹೆಸರಿಲ್ಲ, ಸಂಬಂಧದ ಮಾತಿಲ್ಲ. ಗುರುತಿಲ್ಲದವರನ್ನು ಕರೆಯುವ ಹಾಗೆ ಕರೆದಿದ್ದಳು ವೈನಿ. ಮಹಾದೇವಿ ತಿರುಗಿ ಬದು ದಾಟಿದ ರಭಸಕ್ಕೆ ಅವಳ ಒಂದು ಚಪ್ಪಲಿ ಮಣ್ಣಿನಲ್ಲೇ ಉಳಿಯಿತು. ಅದನ್ನು ಎತ್ತಿಕೊಂಡು ನಾನು ಹಿಂದೆ ಹೋದೆ.

ವೈನಿ ಕಟ್ಟಿದ್ದ ಹಗ್ಗ ಬಿಚ್ಚಿ ಬಡಿಸಿ, ಸೌಟು ಹಿಡಿದು ನಿಂತಳು. ಬೆಳಿಗ್ಗೆ ಮಾಡಿದ ಭಜ್ಜಿ ತಣ್ಣಗಾಗಿ ಗಟ್ಟಿಯಾಗಿತ್ತು. ನನಗೆ ನಿಜ ಹೇಳಬೇಕೆಂದರೆ ಉಪ್ಪು ಈ ಸಲವೂ ಒಂದು ಚಿಟಿಕೆ ಕಡಿಮೆಯೇ ಇತ್ತು. ಮಹಾದೇವಿ ತಲೆ ಎತ್ತದೆ ಎಲ್ಲವನ್ನೂ ಉಂಡು, ತಟ್ಟೆಯನ್ನು ಮುಂದೆ ಚಾಚಿದಳು.

"ವೈನಿ, ಇನ್ನೊಂದೀಟು ನೀಡ್ರಿ."

ವೈನಿ ಪಾತೇಲಿಯನ್ನು ಓರೆ ಮಾಡಿ ತಳ ಕೆರೆದು ಇದ್ದಷ್ಟನ್ನೂ ಹಾಕಿದಳು. ಖಾಲಿ ಪಾತೇಲಿಗೆ ಹಗ್ಗ ಬಿಗಿಯುತ್ತ ಹೇಳಿದಳು.

"ಮುಂದಿನ ವರ್ಷ ಒಂದಿನ ಮೊದಲ ಬಾ, ಮಹಾದೇವಿ. ಇಷ್ಟು ಸೊಪ್ಪು ಸೋಸಾಕ ನನಗೊಬ್ಬಾಕಿಗಿ ಆಗಂಗಿಲ್ಲ."

ಅಣ್ಣ ಬಂಡಿಗೆ ಎತ್ತು ಹೂಡುವುದನ್ನು ಬಿಟ್ಟು ನನ್ನ ಪಕ್ಕ ಬಂದು ಕೂತು, ಇವತ್ತು ಎಲ್ಲಿಗೆ ಹೋಗಿದ್ದಿರಿ, ಏನೇನು ನೋಡಿದಿರಿ ಎಂದು ಕೇಳಿದ. ನಾನು ಕಲಬುರಗಿ ಕೋಟೆಯ ತೋಪಿನಿಂದ ಶುರುಮಾಡಿದೆ. ಅಷ್ಟರಲ್ಲಿ ದೀಪ ಹಚ್ಚಿಕೊಂಡು ಅಫಜಲಪುರದ ಬಸ್ಸು ಬಂತು. ನಾನು ಹೊಂದಿಸಿದ ಪ್ರಕಾರ ನಾವು ಅದರಲ್ಲಿರಬೇಕಿತ್ತು. ಅದು ಬೇವಿನ ಮರ ದಾಟಿ ಹೋಗುವುದನ್ನು ನಾಲ್ವರೂ ನೋಡಿದೆವು, ಯಾರೂ ಕೈ ಮಾಡಲಿಲ್ಲ.