ಅತ್ತಿಯ ಉಪ್ಪು, ಸನ್ಮತಿಯ ಚೆಂಡು

ನಮ್ಮ ಸನ್ಮತಿ ಮೊನ್ನೆ ರವಿವಾರ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಎರಡನೆಯವಳಾಗಿ ಬಂದಳು. ಮೊದಲನೆಯವಳಾಗಿದ್ದರೆ ನನಗೆ ಇಷ್ಟು ಸಂತೋಷ ಆಗುತ್ತಿರಲಿಲ್ಲ. ಹದಿನೈದು ವರ್ಷದ ಮೊಮ್ಮಗಳು, ನನ್ನನ್ನು ಆಯಿ ಎಂದು ಕರೆಯುತ್ತಾಳೆ. ಅವಳ ಅಪ್ಪ, ಅಂದರೆ ನನ್ನ ಮಗ ಪಾಯಪ್ಪ, ಅದೇ ಮೈದಾನದ ಹುಲ್ಲು ನೋಡಿಕೊಳ್ಳುವವನು. ಅವನ ಹಿಂದೆ ಹಿಂದೆ ಹೋಗಿ ಹುಡುಗಿ ಆಟ ಕಲಿತಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಬರೆಯಲು ಕೈ ಓಡುವುದಿಲ್ಲ. ಆದರೂ ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ತುಂಬಿಕೊಂಡಿದೆ, ನಿಮಗೆ ಹೇಳಲೇಬೇಕು.

ಅವತ್ತು ಮಧ್ಯಾಹ್ನ ಇಳಿದ ಮೇಲೆ ಅವಳು ಬಂದು ಬಾಗಿಲಲ್ಲಿ ಬೂಟು ಕಳಚಿದಳು. ಬೂಟಿಗೆ ಮೆತ್ತಿಕೊಂಡ ಹಸಿ ಹುಲ್ಲಿನ ವಾಸನೆ ಬಂತು ನೋಡಿ, ನಾನು ಕುಳಿತಲ್ಲಿಂದಲೇ ಅನಗೋಳದ ನಮ್ಮ ಹಳೆಯ ಮನೆಗೆ ಹೋಗಿಬಿಟ್ಟೆ. ಆಗ ಅನಗೋಳ ಇನ್ನೂ ಹಳ್ಳಿಯೇ. ಹೊಸ್ತಿಲು ದಾಟಿದರೆ ಮೊದಲು ಎಮ್ಮೆ ಕಟ್ಟುವ ಜಾಗ, ಆಮೇಲೆ ಪಡಸಾಲೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ. ಒಟ್ಟು ಹದಿನಾಲ್ಕು ಜನ. ನನ್ನ ಅಪ್ಪನ ತಂಗಿ ಚಂಪಾ ಅತ್ತಿ, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದವಳು, ನಸುಕಿನಲ್ಲಿ ಹೊಲದ ಬದುವಿಗೆ ಹೋಗಿ ಹುಲ್ಲು ಕೊಯ್ದು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಇಬ್ಬನಿಗೆ ಅವಳ ಸೆರಗು ತೊಯ್ದಿರುತ್ತಿತ್ತು. ಹೊರೆ ಇಳಿಸಿದ ಕೂಡಲೇ ನಾನು ಓಡಿಹೋಗಿ ಅವಳ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದೆ. ಹುಲ್ಲಿನ ಆ ವಾಸನೆಯೇ ಅತ್ತಿಯ ವಾಸನೆ ಎಂದು ತಿಳಿದಿದ್ದೆ.

ನಮ್ಮ ಜೈನರ ಮನೆಯಲ್ಲಿ ಒಂದು ನೇಮವಿತ್ತು. ತಪ್ಪು ಮಾಡಿದವರು ತಮಗೆ ತಾವೇ ಶಿಕ್ಷೆ ಹಾಕಿಕೊಳ್ಳಬೇಕು. ಒಬ್ಬರು ಒಂದು ದಿನ ತುಪ್ಪ ಬಿಟ್ಟರೆ ಇನ್ನೊಬ್ಬರು ಬೆಲ್ಲ ಬಿಡುವರು, ದೊಡ್ಡ ತಪ್ಪಾದರೆ ಉಪ್ಪೇ ಬಿಡುವರು. ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದರೆ ಮುಗಿಯಿತು. ಯಾಕೆ ಬಿಟ್ಟೆ ಎಂದು ಯಾರೂ ಕೇಳುವಂತಿಲ್ಲ, ಬಿಟ್ಟಿದ್ದು ನಿಜವೋ ಎಂದು ಯಾರೂ ನೋಡುವಂತಿಲ್ಲ. ನನಗೆ ಮಾತ್ರ ನೋಡದೆ ಇರಲು ಆಗುತ್ತಿರಲಿಲ್ಲ. ಹುಟ್ಟಾ ಸಂಶಯದವಳು ನಾನು. ಕಾಕಾ ಬಿಡುವುದು ಬರೀ ತನಗೆ ಸೇರದ ಹಾಲನ್ನೇ ಎಂದು ಕಂಡುಹಿಡಿದಿದ್ದೆ. ಯಾರೂ ನೋಡದಾಗ ಯಾರು ಏನು ತಿನ್ನುತ್ತಾರೆಂದು ಅಡುಗೆಮನೆಯ ಕದದ ಸಂದಿಯಲ್ಲಿ ಕಣ್ಣಿಟ್ಟು ನಿಲ್ಲುತ್ತಿದ್ದೆ.

ಒಮ್ಮೆ ಚಂಪಾ ಅತ್ತಿ ಅವಸರದಲ್ಲಿ ಸೋಸದ ನೀರು ಕುಡಿದುಬಿಟ್ಟಳು. ಸೋಸದ ನೀರಿನಲ್ಲಿ ಸಣ್ಣ ಜೀವಗಳು ಇರುತ್ತವೆಂದು ನಾವು ಅದನ್ನು ಮುಟ್ಟುವುದಿಲ್ಲ. ಎಂಟು ದಿನ ಉಪ್ಪು ಬಿಟ್ಟೆ ಎಂದಳು. ನಾಲ್ಕನೆಯ ದಿನ ಕದದ ಸಂದಿಯಿಂದ ನೋಡುತ್ತೇನೆ, ಅತ್ತಿ ಉಪ್ಪಿನ ಗಡಿಗೆಗೆ ಕೈ ಹಾಕಿ ಒಂದು ಹರಳು ಬಾಯಿಗೆ ಇಟ್ಟುಕೊಂಡಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಸಂಜೆ ಎಲ್ಲರೂ ಪಂಕ್ತಿಯಲ್ಲಿ ಕುಳಿತಾಗ ಕೂಗಿ ಹೇಳಿಬಿಟ್ಟೆ. ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಅತ್ತಿ ಇಲ್ಲವೆನ್ನಲಿಲ್ಲ, ನನ್ನನ್ನು ಬೈಯಲೂ ಇಲ್ಲ. “ನಾಲಿಗಿಗೆ ತಾಗೇತಿ. ಮತ್ತ ಮೊದಲಿಂದ ಎಂಟು ದಿನ ಹಿಡಿತೀನಿ,” ಎಂದಳು, ಅಷ್ಟೇ. ಸಿಕ್ಕಿಬಿದ್ದಳು ಎಂದೇ ನಾನು ತಿಳಿದೆ. ಅವಳಿಗೆ ಹಲ್ಲುಬೇನೆ ಎದ್ದಿತ್ತು, ಹಲ್ಲಿನ ಸಂದಿಗೆ ಉಪ್ಪು ಒತ್ತಿಕೊಂಡಿದ್ದಳು ಎಂದು ಅವ್ವ ನನಗೆ ಹೇಳಿದ್ದು ನನ್ನ ಮದುವೆಯಾಗಿ ಎಷ್ಟೋ ವರ್ಷವಾದ ಮೇಲೆ. ಅಷ್ಟರಲ್ಲಿ ಅತ್ತಿ ತೀರಿಕೊಂಡಿದ್ದಳು. ತಪ್ಪಾಯಿತು ಎನ್ನಲು ನನಗೆ ಯಾರೂ ಉಳಿದಿರಲಿಲ್ಲ.

ಅಷ್ಟಾದರೂ ಬುದ್ಧಿ ಬಂತೇ? ಇಲ್ಲ. ಈ ಗಾಲ್ಫ್ ಆಟದ ಮೇಲೂ ನನಗೆ ಮೊದಲಿನಿಂದ ಸಂಶಯವೇ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವರು ಗೆದ್ದಂತೆ. ಒಬ್ಬರ ಹೊಡೆತ ಜೊತೆಗಿದ್ದ ಇನ್ನೊಬ್ಬರು ಬರೆದುಕೊಳ್ಳುತ್ತಾರಂತೆ, ಸೀಟಿ ಊದಲು ಹಿಂದೆ ಯಾರೂ ಓಡುವುದಿಲ್ಲವಂತೆ. ಗಿಡದ ಮರೆಯಲ್ಲಿ ಯಾರು ಚೆಂಡನ್ನು ಕಾಲಲ್ಲಿ ಸರಿಸಿದರೋ ಬಲ್ಲವರಾರು?

ಸನ್ಮತಿ ಕಾಲು ತೊಳೆದು ಬಂದು, ಒಂದೇ ಹೊಡೆತಕ್ಕೆ ಸೋತೆ ಎಂದಳು. ಕೊನೆಯ ಕುಳಿಯ ಹತ್ತಿರ ಚೆಂಡು ಎತ್ತರದ ಹುಲ್ಲಿಗೆ ಬಿದ್ದಿತ್ತಂತೆ. ಹೊಡೆಯಲೆಂದು ಕೋಲು ಊರುವಾಗ ಚೆಂಡು ಜೋಳದ ಕಾಳಿನಷ್ಟು ಜರುಗಿತಂತೆ. ಹೊಡೆಯುವ ಮೊದಲೇ ಚೆಂಡು ಹಾಗೆ ಜರುಗಿದರೆ ಒಂದು ಹೊಡೆತ ದಂಡವಂತೆ. ಯಾರೂ ನೋಡಿರಲಿಲ್ಲ, ತಾನೇ ಹೇಳಿ ಒಂದು ಹೊಡೆತ ಹೆಚ್ಚು ಬರೆಸಿಕೊಂಡಳಂತೆ. ಯಾರೂ ನೋಡಿರಲಿಲ್ಲ ಎಂಬ ಮಾತು ಕೇಳಿದ್ದೇ ತಡ, ನನ್ನ ಹಳೆಯ ಬುದ್ಧಿ ಎದ್ದು ಕುಳಿತಿತು. “ಖರೇ ಹೇಳು. ಸೋತಿದ್ದಕ್ಕ ಕಟ್ಟಿದ ಕಥಿ ಅಲ್ಲಲಾ ಇದು?” ಎಂದು ಕೇಳಿಯೇಬಿಟ್ಟೆ. ಹುಡುಗಿ ನನ್ನ ಮುಖ ನೋಡಿದಳು. ಬೂಟು ಎತ್ತಿಕೊಂಡು ಹಿತ್ತಲಿನ ನಳದ ಕಡೆ ಹೋದಳು.

ಸ್ವಲ್ಪ ಹೊತ್ತಿಗೆ ಗೆದ್ದ ಹುಡುಗಿಯೇ ಬಂದಳು. ಖಾನಾಪುರದ ಮೆಹಕ್, ಜೊತೆಗೆ ಅವಳ ತಾಯಿ, ಊರಿಗೆ ಹೋಗುವ ಬಸ್ಸನ್ನು ಬಿಟ್ಟು ಬಂದಿದ್ದರು. ಗೆದ್ದ ಕಪ್ ಅವಳ ಚೀಲದಲ್ಲೇ ಇತ್ತು, ಹೊರಗೆ ತೆಗೆದಿರಲಿಲ್ಲ. “ಸನ್ಮತಿ ಫೋನ್ ಎತ್ತವಲ್ಲಳ್ರಿ ಆಯಿ. ನನ್ನ ಮ್ಯಾಲೆ ಸಿಟ್ಟಾಗ್ಯಾಳೇನ್ರಿ?” ಎಂದಳು. “ನಾ ನನ್ನ ಚೆಂಡು ಹುಡುಕಾಕತ್ತಿದ್ದೆ, ಖರೇನ ನೋಡಿದ್ದಿಲ್ರಿ. ಬರಿಯಂಗಿಲ್ಲ ಬಿಡು ಅಂದೆ. ಅಕೀನ ನನ್ನ ಕೈ ಹಿಡದು ಬರಸಿದ್ಲು.”

ನಾನು ಎದ್ದು ಹಿತ್ತಲಿಗೆ ಹೋದೆ. ಬೂಟು ತಿಕ್ಕುತ್ತಿದ್ದ ಹುಡುಗಿಯ ಮುಂದೆ ನಿಂತು, ಜನ್ಮದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದೆ. “ನಿನ್ನ ಮ್ಯಾಲೆ ಸಂಶಯಪಟ್ಟೆ, ನನ್ನ ಕೂಸ. ನಂದು ತಪ್ಪಾತು.” ಅವಳು ತಲೆ ಎತ್ತದೆಯೇ, “ಇರ್ಲಿ ಬಿಡ ಆಯಿ. ನೀ ಹಾಲಿನವನ ಮ್ಯಾಲೂ ಸಂಶಯ ಪಡ್ತಿ, ದೇವ್ರ ಮ್ಯಾಲೂ ಪಡ್ತಿ, ನಂದೇನು ದೊಡ್ಡದು,” ಎಂದಳು. ಆಮೇಲೆ ನಕ್ಕಳು. ನನಗೆ ಮಾತ್ರ ಅಳು ಬಂತು.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಪಾಯಪ್ಪ ಬಂದ, ಸೊಸೆ ಬಿಸಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹುಗ್ಗಿ ಬಡಿಸಿದಳು. ಮೆಹಕ್‌ಳನ್ನೂ ಅವಳ ತಾಯಿಯನ್ನೂ ನಾನೇ ಕೈಹಿಡಿದು ಕೂಡಿಸಿದೆ. ಅನಗೋಳದಲ್ಲಿ ಈಗ ಆ ಮನೆಯಿಲ್ಲ, ಮೂರು ಅಂತಸ್ತಿನ ಕಟ್ಟಡ ಬಂದಿದೆ. ಆ ಪಂಕ್ತಿಯ ಹದಿನಾಲ್ಕು ಜನರಲ್ಲಿ ಉಳಿದವಳು ನಾನೊಬ್ಬಳೇ. ಹುಡುಗಿಯರಿಬ್ಬರೂ ಆ ಚೆಂಡು ಎಷ್ಟು ಜರುಗಿತ್ತೆಂದು ಬೆರಳು ತೋರಿಸುತ್ತ ವಾದಕ್ಕೆ ಬಿದ್ದಿದ್ದರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಯಾರ ತಟ್ಟೆಯ ಕಡೆಗೂ ಕಣ್ಣು ಹಾಯಿಸದೆ, ನನ್ನ ಪಾಡಿಗೆ ನಾನು ಉಂಡೆ.