ಉಪ್ಪಿನ ದಾರಿ ಹುಡುಕಿದವರು

ಸಿಂಚನಾ, ಪ್ರಣವ, ನಿಮ್ಮ ಅಜ್ಜನ ಬಾಯಲ್ಲಿ 'ನಾನು' ಎಂಬ ಮಾತೇ ಬರುತ್ತಿರಲಿಲ್ಲ. ಅವರು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದಾಗ ಮೆಣಸಿನ ಬಳ್ಳಿ ಹಳದಿಯಾಗತೊಡಗಿತು. ನೀರು ನಿಲ್ಲದಂತೆ ಚರಂಡಿ ತೆಗೆಸಿ ಬಳ್ಳಿ ಉಳಿಸಿದ್ದು ಅವರೇ. ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು, "ಇದು ಯಾರ ಬುದ್ಧಿ ಮೇಸ್ತ್ರಿ?" ಎಂದು ಕೇಳಿದರೆ, "ಯಾರೋ ಹೇಳಿದ್ರು" ಎಂದು ನಕ್ಕುಬಿಟ್ಟರು. ಮರುದಿನ ಸಾಹುಕಾರರ ಮುಂದೆ ಅದು ರೈಟರ ಬುದ್ಧಿಯಾಗಿತ್ತು. ನಾನು ರೇಗಿದರೆ, "ಬಳ್ಳಿ ಉಳೀತಲ್ಲ ಮಾರಾಯ್ತಿ, ನಿಂಗೆ ಇನ್ನೇನು ಬೇಕು?" ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಕೆಲಸ ಬಿಟ್ಟ ಮೇಲೆ ಅವರಿಗೆ ಉಪ್ಪಿನ ದಾರಿಯ ಹುಚ್ಚು ಹಿಡಿಯಿತು. ಹಿಂದೆ ಎತ್ತುಗಳ ಬೆನ್ನಿಗೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ, ನಮ್ಮ ಬಣಕಲ್ ಮೇಲಾಗಿ ಕಳಸಕ್ಕೆ ಹೋಗುತ್ತಿದ್ದ ಹಳೇ ದಾರಿ ಅದು. ಕಾಡು ಬೆಳೆದು ಮುಚ್ಚಿಹೋಗಿತ್ತು. ಮೂರು ಬೇಸಿಗೆ ಸೈಕಲ್ ತಳ್ಳಿಕೊಂಡು ಅಲೆದರು. ಒಂದು ಸಂಜೆ ಮೊಣಕಾಲು ತರಚಿಕೊಂಡು ಬಂದವರು ಕೈ ಕೂಡ ತೊಳೆಯದೆ, "ಹೊರೆ ಇಳಿಸೋ ಕಟ್ಟೆ ಸಿಕ್ತು ಕಣೇ! ಕಲ್ಲಿನ ಮೇಲೆ ಹಗ್ಗ ಉಜ್ಜಿದ ಗುರುತು ಹಾಗೇ ಇದೆ" ಎಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಆವತ್ತೇ.

ಇದನ್ನು ಕೇಳಿ ಸೈಕಲ್ ಪ್ರವಾಸ ನಡೆಸುವವನೊಬ್ಬ ಬಂದ. ಪೇಟೆಯ ಜನರನ್ನು ಕರೆತಂದು ಐದು ದಿನ ಆ ದಾರಿಯಲ್ಲಿ ಓಡಾಡಿಸಿದ. ದಾರಿ ತೋರಿಸಿದ್ದು ಅಜ್ಜ. ಕಡೆಯ ದಿನ ಕಳಸದಲ್ಲಿ, ದಾರಿ ಹುಡುಕಿದವರ ಹೆಸರು ಬರೆದು ಬೋರ್ಡು ನಿಲ್ಲಿಸುತ್ತೇವೆ ಎಂದಿದ್ದ.

ಆ ಬೆಳಿಗ್ಗೆ ಬಣಕಲ್ಲಿನಿಂದ ಹೊರಡುವ ಮೊದಲು ಅಜ್ಜ ಮನೆಗೆ ಬಂದು ಎರಡು ಸಲ ಗಡ್ಡ ಹೆರೆದುಕೊಂಡರು. ಮದುವೆ ಮನೆಗೆ ಮಾತ್ರ ಹಾಕುವ ಅಂಗಿ ತೆಗೆದರು. "ನೀನೂ ಬಾ ಇವಳೇ" ಎಂದರು. ಎಲ್ಲಿಗೂ ಹೀಗೆ ಕರೆದವರಲ್ಲ. ಅವರಿಗೆ ಆ ಹೆಸರು ಎಷ್ಟು ಬೇಕಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ನಾನು ಕಡುಬಿನ ಪಾತ್ರೆ ಇಟ್ಟುಕೊಂಡು ಸಾಮಾನಿನ ಜೀಪಿನಲ್ಲಿ ಹೋದೆ.

ಕಳಸದ ಹೊಳೆಯ ದಡದಲ್ಲಿ ಎಲ್ಲರೂ ಸೈಕಲ್ ಒರಗಿಸಿ ನಿಂತರು. ಬೋರ್ಡಿನಲ್ಲಿ ಹೆಸರಿಗೆ ಜಾಗ ಬಿಟ್ಟಿತ್ತು. ಪೇಂಟರ್ ಬ್ರಷ್ ಹಿಡಿದು ಕಾದಿದ್ದ. ಸೈಕಲ್ಲಿನ ಹೆಂಗಸೊಬ್ಬಳು ಕೇಳಿದಳು, "ಈ ದಾರಿ ಕಂಡುಹಿಡಿದಿದ್ದು ಯಾರು ಅಜ್ಜ?"

"ಯಾರೋ ಹೇಳಿದ್ರು ತಾಯಿ."

ಹೇಳಿದ ಕೂಡಲೇ ಅವರ ಮುಖ ಸಣ್ಣದಾಯಿತು. ನನ್ನ ಕಡೆ ನೋಡಿದರು. ಅಷ್ಟರಲ್ಲಿ ಪ್ರವಾಸದವನು, "ನಾನೇ ಊರೂರು ತಿರುಗಿ ಕೇಳಿ ಹುಡುಕಿದೆ" ಎಂದ. ಜನ ಚಪ್ಪಾಳೆ ತಟ್ಟಿದರು.

ಆ ಹೆಂಗಸು ಮಾತ್ರ ಬಿಡಲಿಲ್ಲ. ನನ್ನ ಹತ್ತಿರ ಬಂದಳು. "ಅಜ್ಜಿ, ನಿಜ ಹೇಳಿ. ಹುಡುಕಿದ್ದು ಇವರೇ ಅಲ್ವಾ? ಇವರ ಹೆಸರೇನು?"

ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾದಾಗಿನಿಂದ ಒಮ್ಮೆಯೂ ಹೇಳಿರಲಿಲ್ಲ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಸೆರಗು ಬಾಯಿಗಿಟ್ಟುಕೊಂಡು, "ನಮ್ಮವರು" ಎಂದೆ.

ಎಲ್ಲರೂ ನಕ್ಕರು. "ಮೇಸ್ತ್ರಿ ಅಂತ ಬರೀರಿ, ಸಾಕು" ಎಂದ ಪ್ರವಾಸದವನು. ಮೇಲೆ ದೊಡ್ಡ ಅಕ್ಷರದಲ್ಲಿ ಅವನ ಹೆಸರು ಬಂತು. ಕೆಳಗೆ ಮೂಲೆಯಲ್ಲಿ, 'ಸಹಾಯ: ಮೇಸ್ತ್ರಿ.'

ಮುಂದಿನ ವರ್ಷ ಕರೆಯಲು ಬಂದವರಿಗೆ ಅಜ್ಜ ಮಂಡಿ ನೋವು ಎಂದರು. ಆ ದಾರಿಗೆ ಮತ್ತೆ ಕಾಲಿಡಲಿಲ್ಲ. ಇನ್ನೊಂದು ಮಳೆಗಾಲಕ್ಕೆ ಅವರೇ ಇರಲಿಲ್ಲ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೋರ್ಡು ಈಗಲೂ ಇದೆ. ವರ್ಷಕ್ಕೊಮ್ಮೆ ಬಣ್ಣ ಹೊಡೆಯುತ್ತಾರಂತೆ.

ಉಪ್ಪಿನ ದಾರಿ ಹುಡುಕಿದವರು ಬಣಕಲ್ಲಿನ ಮಂಜಯ್ಯ.

ಇಷ್ಟನ್ನು ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ. ಬೇರೆಲ್ಲೂ ಹೀಗೆಂದು ಬರೆದಿಲ್ಲ ಮಕ್ಕಳೇ. ಈ ಹಾಳೆಗಳನ್ನು ನೆನೆಯದ ಕಡೆ ಇಡಿ.