ರೊಟ್ಟಿ ಬಡಿಯುತ್ತ ಕಲಿತ ಇಂಗ್ಲಿಷ್

ಸೇಡಂನ ನಮ್ಮ ಶಾಲೆಯಲ್ಲಿ ಇಂದು ಹತ್ತನೆಯ ತರಗತಿಯ ನೋಟ್‌ಬುಕ್ಕು ತಿದ್ದುತ್ತಿದ್ದೆ. ನಾಮಪದ, ಗುಣವಾಚಕ, ಕ್ರಿಯಾವಿಶೇಷಣ ಎಂದು ಮೂರು ಸಾಲು. ಒಬ್ಬಳ ಹಾಳೆಗೆ ಜೋಳದ ಹಿಟ್ಟು ಮೆತ್ತಿತ್ತು. ಬೈಯುವುದು ಬಿಟ್ಟು ಮೂಸಿ ನೋಡಿದೆ. ಇಂಗ್ಲಿಷ್ ಟೀಚರ್ ನೋಟ್‌ಬುಕ್ಕು ಮೂಸುತ್ತಿದ್ದರೆ ಕಂಡವರು ಏನೆಂದಾರು, ನೀವೇ ಹೇಳಿ.

ನಮ್ಮವ್ವ ಆಗ ವಾಡಿಯ ಅಂಗನವಾಡಿಯಲ್ಲಿ ಸಹಾಯಕಿ. ಹತ್ತನೆಯದು ಪಾಸಾದರೆ ಟೀಚರ್ ಆಗಬಹುದಿತ್ತು. ಉಳಿದದ್ದು ಇಂಗ್ಲಿಷ್ ಒಂದೇ, ಅದೂ ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲ ಪರೀಕ್ಷೆ ಕಟ್ಟಿದ ವರ್ಷ ನಾನೂ ಹತ್ತನೆಯದರಲ್ಲಿದ್ದೆ. ಮನೆಯಲ್ಲಿ ಮಾಸ್ತರಿಕೆ ನನ್ನದು. ನನ್ನ ಜಂಬ ಕೇಳಬೇಡಿ!

ಅವ್ವನಿಗೆ ಕೂತು ಓದಲು ಬಿಡುವೆಲ್ಲಿ? ರೊಟ್ಟಿ ಬಡಿಯುತ್ತಲೇ ಪಾಠ. ಹಿಟ್ಟಿನ ಉಂಡೆ ಎತ್ತಿಕೊಂಡು ‘ಬ್ಯೂಟಿ’ ಅನ್ನುವಳು. ಟಪಟಪ ಬಡಿದು ಅಗಲ ಮಾಡುವಾಗ ‘ಬ್ಯೂಟಿಫುಲ್’. ಹಂಚಿಗೆ ಹಾಕಿ ನೀರು ಸವರುವಾಗ ‘ಬ್ಯೂಟಿಫುಲ್ಲಿ’.

“ಉಂಡಿ ಅದ, ಅಗಲಾತು, ಬೇಯಾಕತ್ತದ. ಇಷ್ಟೇ ಅಲ್ಲೇನು ನಿನ್ನ ಇಂಗ್ಲಿಷು?” ಅನ್ನುತ್ತಿದ್ದಳು. ‘ಡೇಂಜರ್’ ಹೇಳಿದ ರೊಟ್ಟಿ ಮಾತ್ರ ದಿನಾ ಸೀಯುತ್ತಿತ್ತು. ಅದನ್ನು ತಿನ್ನುವ ಪಾಳಿ ಮಾಸ್ತರಾದ ನನ್ನದು.

ಚಿತ್ತಾಪುರದಲ್ಲಿ ಪರೀಕ್ಷೆ. ಇಬ್ಬರಿಗೂ ಒಂದೇ ಕೋಣೆ ಬಿತ್ತು. ಒಂದು ತಾಸಾಗಿರಬೇಕು, ನನ್ನ ಹಿಂದಿನ ಬೆಂಚಿನಿಂದ ಟಪಟಪ ಸದ್ದು.

“ಯಾರದು?” ಸರ್ ಗದರಿದರು.

“ನಾನ್ರಿ ಸರ್. ರೊಟ್ಟಿ ಬಡೀಲಿಕತ್ತೀನ್ರಿ,” ಅಂದಳು ಅವ್ವ.

ಕೋಣೆಯೆಲ್ಲ ಘೊಳ್ಳೆಂದಿತು. ಪಕ್ಕದಲ್ಲಿದ್ದ ಬೇರೆ ಶಾಲೆಯ ಹುಡುಗಿ, “ಯಾರ ಆಕಿ?” ಎಂದು ಪಿಸುಗುಟ್ಟಿದಳು.

“ಯಾರಿಗ್ಗೊತ್ತು,” ಅಂದುಬಿಟ್ಟೆ. ಅಯ್ಯೋ ನನ್ನ ನಾಲಗೆಯೇ! ಮರುಗಳಿಗೆಯಲ್ಲಿ ‘ಸಕ್ಸೆಸ್’ನ ಮೂರನೆಯ ರೂಪ ಹೊಳೆಯದೆ, ನನ್ನ ಬೆರಳುಗಳೂ ಡೆಸ್ಕಿನ ಕೆಳಗೆ ಮೆಲ್ಲಗೆ ಬಡಿಯತೊಡಗಿದವು. ಹೊಳೆಯಿತು ಕೂಡ. ಅವ್ವನಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ಎಂದು ವಿಚಾರಿಸುವ ಧೈರ್ಯ ಮಾತ್ರ ಇಷ್ಟು ವರ್ಷವಾದರೂ ಬಂದಿರಲಿಲ್ಲ. ಆ ನಾಚಿಕೆ ಒಳಗೇ ಉಳಿದಿತ್ತು.

ಇಂದು ತಿದ್ದುವುದನ್ನು ಅಲ್ಲಿಗೇ ಬಿಟ್ಟು ಫೋನ್ ಹಚ್ಚಿದೆ.

“ಯವ್ವಾ, ಅವತ್ತು ಪರೀಕ್ಷಾದಾಗ ನಿನ್ನ ಗುರ್ತಾ ಇಲ್ಲಂದಿದ್ದೆ. ತಪ್ಪಾತು.”

ಅವ್ವ ಜೋರಾಗಿ ನಕ್ಕಳು. ಆ ನಗು ಕೇಳಿ ಎದೆ ಹಗುರಾಗಿ ನಾನೂ ನಕ್ಕೆ.

“ಅವತ್ತೇ ಕೇಳಿಸಿತ್ತು ಬಿಡು. ಇಂಗ್ಲಿಷ್‌ದಾಗ ನನಗಿಂತ ಏಳು ಮಾರ್ಕ್ಸ್ ಕಡಿಮಿ ತಗೊಂಡಿಯಲ್ಲ, ಮೊದಲ ಅದಕ್ಕ ತಪ್ಪಾತನ್ನು. ಈಗ ಫೋನ್ ಇಡು. ಇಲ್ಲಿ ಹುಡುಗ್ರು ‘ಟೀಚರ್, ಟೀಚರ್’ ಅಂತ ನನ್ನ ಸೀರಿ ಜಗ್ಗಾಕತ್ತಾವ.”